ಸೈಟೇಶನ್ ನಾಲ್ಕು ಸಾವಿರ ಇದ್ದರೆ ಗೈಡ್ ಒಳ್ಳೆಯವರೇ?

ಪ್ರಶ್ನೆ: ಸರ್, ನನ್ನ ಊರು ಮೂಡಿಗೆರೆ ಕಡೆ. ಹಾಸನದ ಒಂದು ಡಿಗ್ರಿ ಕಾಲೇಜಿನಲ್ಲಿ ಐದು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಫಜಿ ಲಾಜಿಕ್ ಮತ್ತು ಡಿಸಿಷನ್ ಮೇಕಿಂಗ್ ವಿಷಯದಲ್ಲಿ ಪಿಎಚ್‌ಡಿ ಮಾಡುವ ಆಸೆ. ಇಬ್ಬರು ಗೈಡ್ ಸಿಗುವ ಹಾಗಿದ್ದಾರೆ, ಇಬ್ಬರೂ ಫಜಿಯವರೇ. ಒಬ್ಬರ ಗೂಗಲ್ ಸ್ಕಾಲರ್ ಪುಟದಲ್ಲಿ ಸೈಟೇಶನ್ 4,200, ಎಚ್-ಇಂಡೆಕ್ಸ್ 34. ಅವರು ದೂರದ ದೊಡ್ಡ ಊರಿನವರು. ಇನ್ನೊಬ್ಬರದು 310, ಎಚ್-ಇಂಡೆಕ್ಸ್ 9. ಇವರು ಹತ್ತಿರದಲ್ಲೇ ಇದ್ದಾರೆ. ಮೊದಲನೆಯವರನ್ನು ಬಿಟ್ಟರೆ ದಡ್ಡತನ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಾರೆ. ಈ ಅಂಕಿಗಳನ್ನು ಎಷ್ಟು ನಂಬಬೇಕು?

ಉತ್ತರ: 4,200 ಎಂಬ ಅಂಕಿ ಸುಳ್ಳಲ್ಲ. ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಅದರ ಅರ್ಥ ಇಷ್ಟೇ: ಬೇರೆ ಬೇರೆ ಲೇಖನಗಳ ಕೊನೆಯಲ್ಲಿ ಬರುವ ಪಟ್ಟಿಗಳಲ್ಲಿ ಇವರ ಲೇಖನಗಳ ಹೆಸರು ಒಟ್ಟು 4,200 ಸಲ ಬಂದಿದೆ. ಓದಿ ಸೇರಿಸಿದರೋ, ಓದದೆ ಸೇರಿಸಿದರೋ, ಹೊಗಳಿದರೋ, ತಪ್ಪು ಹಿಡಿದರೋ, ಅಂಕಿಗೆ ಗೊತ್ತಿಲ್ಲ. ಅದನ್ನು ನೀವೇ ಒಳಗೆ ಹೋಗಿ ನೋಡಬೇಕು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫಜಿ ಕ್ಷೇತ್ರದಲ್ಲಿ ಸೈಟೇಶನ್ ಬೆಳೆಯುವ ರೀತಿಯೇ ಬೇರೆ.

ಮೂಡಿಗೆರೆ ಕಡೆಯವರಿಗೆ ಫಜಿ ಸೆಟ್ ಹೊಸದೇನಲ್ಲ. ಪೇರಲೆಯಾಗಲಿ, ಕಾಫಿಯಾಗಲಿ, ನಾವು ಹಣ್ಣು ಮತ್ತು ಕಾಯಿ ಎಂದು ಎರಡೇ ಭಾಗ ಮಾಡುವುದಿಲ್ಲ. ನಡುವೆ ದೋರೆ ಎಂಬ ಒಂದು ಮಾತಿದೆ. ದೋರೆಗಾಯಿ ಕಾಯಿಯೂ ಅಲ್ಲ, ಪೂರ್ತಿ ಹಣ್ಣೂ ಅಲ್ಲ. ಹಳೆಯ ಸೆಟ್ ಥಿಯರಿಯಲ್ಲಿ ಒಂದು ಹಣ್ಣು ‘ಹಣ್ಣುಗಳ ಗುಂಪಿಗೆ’ ಸೇರುತ್ತದೆ ಅಥವಾ ಇಲ್ಲ. 1 ಅಥವಾ 0. ಫಜಿ ಸೆಟ್‌ನಲ್ಲಿ ದೋರೆಗೆ 0.6 ಕೊಡಬಹುದು. ಹಸಿರು ಕಾಯಿಗೆ 0, ಕೆಂಪಗೆ ಮಾಗಿದ್ದಕ್ಕೆ 1. ಕೆಲಸದವರಿಗೆ ‘ದೋರೆ ಕೀಳಬೇಡಿ’ ಎಂದು ನಿಮ್ಮ ತಂದೆ ಹೇಳಿದ್ದರೆ, ಅವರು 0.8ಕ್ಕಿಂತ ಕೆಳಗಿನದನ್ನು ಬಿಡಿ ಎಂದು ಹೇಳಿದ ಹಾಗೆ. ಆ 0.8 ಎಲ್ಲಿಂದ ಬಂತು? ಅವರ ಕಣ್ಣಿನಿಂದ. ಫಜಿ ಲಾಜಿಕ್‌ನ ಬಲವೂ ಅಲ್ಲೇ ಇದೆ, ಎಡವಟ್ಟೂ ಅಲ್ಲೇ ಇದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಇದನ್ನು ಗಣಿತವಾಗಿ ಬರೆದವರು ಲೋಟ್ಫಿ ಜಾದೆ. ಹುಟ್ಟಿದ್ದು 1921ರಲ್ಲಿ ಬಾಕು ನಗರದಲ್ಲಿ, ಕೆಲಸ ಮಾಡಿದ್ದು ಅಮೆರಿಕದ ಬರ್ಕ್ಲಿಯಲ್ಲಿ, ತೀರಿಕೊಂಡಿದ್ದು 2017ರಲ್ಲಿ. 1965ರಲ್ಲಿ ಅವರು ಬರೆದ ಮೊದಲ ಫಜಿ ಸೆಟ್ ಲೇಖನ ಬರೀ 16 ಪುಟ. ಇವತ್ತು ಗೂಗಲ್ ಸ್ಕಾಲರ್‌ನಲ್ಲಿ ಅದರ ಸೈಟೇಶನ್ ಲಕ್ಷ ದಾಟಿದೆ. ಆದರೆ ಶುರುವಿನ ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು ಹೊಗಳಿಕೆಗಿಂತ ಬೈಗುಳವೇ ಜಾಸ್ತಿ. ರುಡಾಲ್ಫ್ ಕಾಲ್ಮನ್ ಹೆಸರು ಕೇಳಿರುತ್ತೀರಿ. ಕಾಲ್ಮನ್ ಫಿಲ್ಟರ್‌ನ ಕಾಲ್ಮನ್. ಉಪಗ್ರಹ ಎಲ್ಲಿದೆ, ಎಲ್ಲಿಗೆ ಹೋಗುತ್ತದೆ ಎಂದು ಅಂದಾಜು ಮಾಡುವ ಲೆಕ್ಕಗಳಲ್ಲಿ ಆ ಫಿಲ್ಟರ್ ಬಳಕೆಯಲ್ಲಿದೆ. 1982ರಿಂದ ಉಪಗ್ರಹ ನಿಯಂತ್ರಣ ಕೇಂದ್ರ ಇರುವ ಹಾಸನದಲ್ಲಿ ಕೂತು ಓದುತ್ತಿರುವ ನಿಮಗೆ ಆ ಕೆಲಸದ ತೂಕ ಬೇರೆ ಹೇಳಬೇಕಿಲ್ಲ. ಅಂಥ ಕಾಲ್ಮನ್ 1972ರಲ್ಲಿ ಜಾದೆಯವರ ಎದುರಿಗೇ ಫಜಿ ವಿಚಾರವನ್ನು ಕಟುವಾಗಿ ಟೀಕಿಸಿದರು. ಆ ವರ್ಷ ಯಾರಾದರೂ ಸೈಟೇಶನ್ ಎಣಿಸಿ ಗೈಡ್ ಹುಡುಕಿದ್ದರೆ ಫಜಿ ವಿಷಯವನ್ನೇ ಬಿಟ್ಟು ಓಡುತ್ತಿದ್ದರೇನೋ.

ಆಮೇಲೆ ಗಾಳಿ ತಿರುಗಿತು. ತಿರುಗಿಸಿದ್ದು ಸೈಟೇಶನ್ ಅಲ್ಲ, ಯಂತ್ರಗಳು. ಲಂಡನ್‌ನಲ್ಲಿ ಇಬ್ರಾಹಿಂ ಮಮ್ದಾನಿ ಮತ್ತು ಅವರ ವಿದ್ಯಾರ್ಥಿ ಅಸಿಲಿಯನ್ 1970ರ ದಶಕದ ಮಧ್ಯದಲ್ಲಿ ಒಂದು ಪುಟ್ಟ ಸ್ಟೀಮ್ ಎಂಜಿನ್ನನ್ನು ಫಜಿ ನಿಯಮಗಳಿಂದ ಓಡಿಸಿ ತೋರಿಸಿದರು. ‘ಒತ್ತಡ ಸ್ವಲ್ಪ ಜಾಸ್ತಿಯಾದರೆ ಶಾಖ ಸ್ವಲ್ಪ ಕಡಿಮೆ ಮಾಡು’ ಎನ್ನುವಂಥ ನಿಯಮಗಳು. ನಂತರ ಡೆನ್ಮಾರ್ಕಿನವರು ಸಿಮೆಂಟ್ ಗೂಡಿಗೆ ತಂದರು. 1987ರಲ್ಲಿ ಜಪಾನಿನ ಸೆಂಡೈ ಊರಿನ ಮೆಟ್ರೊ ರೈಲು ಇದೇ ಲೆಕ್ಕದಲ್ಲಿ ಓಡತೊಡಗಿತು. ನಿಂತ ಪ್ರಯಾಣಿಕರು ಮುಗ್ಗರಿಸದ ಹಾಗೆ ನಯವಾಗಿ ನಿಲ್ಲುತ್ತದೆ ಎಂದು ಹೆಸರಾಯಿತು. ಮುಗ್ಗರಿಸದ ಪ್ರಯಾಣಿಕ ಯಾರಿಗೂ ಸೈಟೇಶನ್ ಕೊಡುವುದಿಲ್ಲ. ಕೆಲವು ವರ್ಷಗಳಲ್ಲಿ ವಾಷಿಂಗ್ ಮೆಷಿನ್‌ಗಳ ಮೇಲೂ ‘ಫಜಿ ಲಾಜಿಕ್’ ಸ್ಟಿಕ್ಕರ್ ಬಂತು. ನಮ್ಮ ಮನೆಯ ಹಳೆಯ ಮೆಷಿನ್ ಮೇಲೆ ಈಗಲೂ ಇದೆ. ನಾನು ಏನು ಪಾಠ ಮಾಡುತ್ತೇನೆ ಎಂದು ಅತ್ತೆಯವರಿಗೆ ಅರ್ಥವಾಗಿದ್ದೇ ಆ ಸ್ಟಿಕ್ಕರ್ ತೋರಿಸಿದ ಮೇಲೆ.

ಇನ್ನು ಡಿಸಿಷನ್ ಮೇಕಿಂಗ್. ಇದಕ್ಕೆ ಮೂಲ 1970ರಲ್ಲಿ ರಿಚರ್ಡ್ ಬೆಲ್‌ಮನ್ ಮತ್ತು ಜಾದೆ ಸೇರಿ ಬರೆದ ಲೇಖನ. ಅದರ ತಿರುಳನ್ನು ನಿಮ್ಮ ತೋಟದಲ್ಲೇ ಹೇಳುತ್ತೇನೆ. ಅರೇಬಿಕಾ ಕೊಯ್ಲು ಈ ವಾರವೋ, ಮುಂದಿನ ವಾರವೋ? ಈ ವಾರ ಹಣ್ಣಾಗಿರುವುದು 0.6, ಆಳು ಸಿಗುವುದು 0.9, ಬಿಸಿಲು ಇರುವುದು 0.8. ಮುಂದಿನ ವಾರ ಹಣ್ಣು 0.9, ಬಿಸಿಲು 0.7. ಆದರೆ ಅಸ್ಸಾಂ ಕಡೆಯ ಕೆಲಸದವರು ಊರಿಗೆ ಹೊರಡುತ್ತಾರೆ, ಆಳು 0.4. ಬೆಲ್‌ಮನ್ ಮತ್ತು ಜಾದೆ ಹೇಳಿದ್ದು: ಪ್ರತಿ ಆಯ್ಕೆಯಲ್ಲಿ ಅತಿ ಕಡಿಮೆ ಇರುವ ಅಂಕಿಯನ್ನು ಹಿಡಿ. ಈ ವಾರಕ್ಕೆ 0.6, ಮುಂದಿನ ವಾರಕ್ಕೆ 0.4. ದೊಡ್ಡದು ಯಾವುದೋ ಅದನ್ನು ಆರಿಸು. ಈ ವಾರವೇ ಕೊಯ್ಯಿ. ಗುರಿ ಮತ್ತು ಅಡ್ಡಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವರ ಹೊಸತನ. ನಿಮ್ಮ ತಂದೆ ಇದನ್ನೇ ಕಟ್ಟೆ ಮೇಲೆ ಕೂತು ಐದು ನಿಮಿಷದಲ್ಲಿ ಮಾಡುತ್ತಾರೆ, ಅಲ್ವಾ?

ಈಗ ನಿಮ್ಮ ಅಂಕಿಗಳಿಗೆ ಬರೋಣ.

ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದರು. ಲೆಕ್ಕ ಸುಲಭ. ಒಬ್ಬರ ಲೇಖನಗಳನ್ನು ಸೈಟೇಶನ್ ಇಳಿಯುವ ಕ್ರಮದಲ್ಲಿ ಜೋಡಿಸಿ. 40, 22, 9, 6, 5, 3 ಎಂದಿಟ್ಟುಕೊಳ್ಳಿ. ಐದನೇ ಲೇಖನಕ್ಕೆ 5 ಇದೆ, ಸರಿ. ಆರನೆಯದಕ್ಕೆ 6 ಬೇಕಿತ್ತು, ಇರುವುದು 3. ಹಾಗಾಗಿ ಎಚ್-ಇಂಡೆಕ್ಸ್ 5. ಈಗ ಮೊದಲ ಲೇಖನದ 40 ಅನ್ನು 4,000 ಮಾಡಿ. ಎಚ್-ಇಂಡೆಕ್ಸ್ ಎಷ್ಟು? ಆಗಲೂ 5! ಲೋಕವನ್ನೇ ಬದಲಿಸಿದ ಒಂದು ಲೇಖನ ಅದಕ್ಕೆ ಕಾಣುವುದಿಲ್ಲ. ಸಾಧಾರಣ ಲೇಖನಗಳು ಸಾಲಾಗಿ ಬರುತ್ತಿದ್ದರೆ ಚೆನ್ನಾಗಿ ಕಾಣುತ್ತದೆ. ಇನ್ನೊಂದು ವಿಷಯ, ಅದು ಸಾಮಾನ್ಯವಾಗಿ ಇಳಿಯುವುದಿಲ್ಲ. ರಿಟೈರ್ ಆಗಿ ತೋಟ ನೋಡಿಕೊಂಡಿರುವ ನನ್ನ ಎಚ್-ಇಂಡೆಕ್ಸ್ ಕೂಡ ಕಳೆದ ವರ್ಷ ಒಂದು ಏರಿತು. ನಾನು ಮಾಡಿದ್ದು ಏನೂ ಇಲ್ಲ, ಮೆಣಸು ಬಿಡಿಸಿದ್ದು ಬಿಟ್ಟರೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದು ಮಾತು. ಅದು ಪತ್ರಿಕೆಯ ಅಂಕಿ, ಲೇಖಕರದಲ್ಲ. ಹಿಂದಿನ ಎರಡು ವರ್ಷ ಅಲ್ಲಿ ಬಂದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಎಂಬ ಲೆಕ್ಕ. ಅದನ್ನು ನೋಡಿ ಒಬ್ಬ ಲೇಖಕರನ್ನು ಅಳೆಯುವುದು ಕ್ಲಾಸಿನ ಸರಾಸರಿ ನೋಡಿ ಒಬ್ಬ ಹುಡುಗನಿಗೆ ಮಾರ್ಕ್ಸ್ ಹಾಕಿದ ಹಾಗೆ.

ಫಜಿ ಕ್ಷೇತ್ರದ ವಿಶೇಷ ಈಗ ಹೇಳುತ್ತೇನೆ. ಇದನ್ನು ಸ್ಟಾಫ್ ರೂಮಿನಲ್ಲಿ ಯಾರೂ ಹೇಳುವುದಿಲ್ಲ. 1980ರ ದಶಕದಲ್ಲಿ ಬಲ್ಗೇರಿಯಾದ ಅತನಸೋವ್ ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಹಣ್ಣಾಗಿದೆ ಎನ್ನುವುದಕ್ಕೆ 0.6 ಕೊಟ್ಟರೆ, ಹಣ್ಣಾಗಿಲ್ಲ ಎನ್ನುವುದಕ್ಕೆ 0.4 ಎಂದೇ ಆಗಬೇಕೇ? ‘ಗೊತ್ತಿಲ್ಲ’ ಎನ್ನಲು ಜಾಗ ಬೇಡವೇ? ಹಾಗಾಗಿ ಒಪ್ಪಿಗೆಗೆ ಒಂದು ಅಂಕಿ, ನಿರಾಕರಣೆಗೆ ಇನ್ನೊಂದು. ಎರಡೂ ಕೂಡಿದರೆ 1 ಮೀರಬಾರದು. ಉಳಿದದ್ದು ಅನುಮಾನ. ಚೆನ್ನಾಗಿದೆ. 2013ರಲ್ಲಿ ಯೇಗರ್ ಎಂಬ ಅಮೆರಿಕದ ಸಂಶೋಧಕರು ಬಂದರು. ಒಬ್ಬ ತಜ್ಞ 0.8 ಮತ್ತು 0.5 ಎಂದು ಹೇಳಿದರೆ ಮೊತ್ತ 1.3, ನಿಯಮ ಮುರಿಯಿತು. ಆದರೆ ವರ್ಗ ಮಾಡಿ ಕೂಡಿಸಿದರೆ 0.64 ಮತ್ತು 0.25, ಒಟ್ಟು 0.89. ಒಳಗೇ ಇದೆ. ಇದಕ್ಕೆ ಪೈಥಾಗೋರಿಯನ್ ಫಜಿ ಸೆಟ್ ಎಂದರು. ಇನ್ನೊಬ್ಬ ತಜ್ಞ 0.9 ಮತ್ತು 0.6 ಎಂದರೆ? ವರ್ಗಗಳ ಮೊತ್ತ 1.17, ಮತ್ತೆ ಹೊರಗೆ. ಘನ ಮಾಡಿ: 0.729 ಮತ್ತು 0.216, ಒಟ್ಟು 0.945. ಒಳಗೆ ಬಂತು! ಇದು ಫರ್ಮಾಟಿಯನ್ ಫಜಿ ಸೆಟ್. ಮುಂದೆ ಯಾವ ಘಾತ ಬೇಕಾದರೂ ಹಾಕಿಕೊಳ್ಳಿ ಎಂಬ ಸಾಮಾನ್ಯ ರೂಪವೂ ಇದೆ. ಪಕ್ಕದಲ್ಲಿ ಹೆಸಿಟೆಂಟ್ ಫಜಿ, ಪಿಕ್ಚರ್ ಫಜಿ, ನ್ಯೂಟ್ರೊಸೋಫಿಕ್ ಎಂದು ಬೇರೆ ಕವಲುಗಳೂ ಇವೆ.

ಮೊದಲು ಯೋಚಿಸಿದವರ ಕೆಲಸ ಪ್ರಾಮಾಣಿಕ. ತೊಂದರೆ ಅವರ ಹಿಂದೆ ಬಂದ ಸಾಲಿನದು. ಒಂದು ಫಜಿ ಸೆಟ್ ತಗೊಳ್ಳಿ. ಒಂದು ತೀರ್ಮಾನದ ವಿಧಾನ ತಗೊಳ್ಳಿ: ಅಂಶಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ತೂಕ ಕೊಡುವ ಸಾಟಿಯವರ ಎಎಚ್‌ಪಿ, ಇಲ್ಲವೇ ಅತ್ಯುತ್ತಮಕ್ಕೆ ಯಾವ ಆಯ್ಕೆ ಹತ್ತಿರ ಎಂದು ಅಳೆಯುವ, 1981ರಲ್ಲಿ ಹ್ವಾಂಗ್ ಮತ್ತು ಯೂನ್ ಕೊಟ್ಟ ಟಾಪ್ಸಿಸ್. ಒಂದು ಸಮಸ್ಯೆ ತಗೊಳ್ಳಿ: ಸರಬರಾಜುದಾರರ ಆಯ್ಕೆ, ಆಸ್ಪತ್ರೆಯ ಕಸ, ಸೋಲಾರ್ ಪ್ಲಾಂಟಿಗೆ ಜಾಗ. ಮೂರನ್ನೂ ಕಲಸಿ. ಎಂಟು ಬಗೆಯ ಸೆಟ್, ಹತ್ತು ವಿಧಾನ, ಇಪ್ಪತ್ತು ಸಮಸ್ಯೆ ಇದ್ದರೆ 1,600 ಲೇಖನ ಆಯಿತು. ಚಿತ್ರಾನ್ನದ ಹಾಗೆ. ಅನ್ನ ಅದೇ. ಇವತ್ತು ನಿಂಬೆ, ನಾಳೆ ಮಾವಿನಕಾಯಿ, ನಾಡಿದ್ದು ಹುಣಸೆ. ಪ್ರತಿ ಲೇಖನವೂ ಹಿಂದಿನ ಚಿತ್ರಾನ್ನಗಳನ್ನೆಲ್ಲ ಉಲ್ಲೇಖಿಸುತ್ತದೆ. ಒಂದು ಲೇಖನದ ಕೊನೆಯಲ್ಲಿ ಎಪ್ಪತ್ತು ಎಂಬತ್ತು ಹೆಸರು ಇರುವುದು ಇಲ್ಲಿ ಮಾಮೂಲಿ. ಶುದ್ಧ ಗಣಿತದ ಒಂದು ಲೇಖನದಲ್ಲಿ ಹತ್ತಿಪ್ಪತ್ತು ಇದ್ದರೆ ಅದೇ ಸಾಕು ಎನ್ನುತ್ತಾರೆ. ಹಾಗಾಗಿ ನಂಬರ್ ಥಿಯರಿಯವರ 300 ಮತ್ತು ಫಜಿ ಡಿಸಿಷನ್‌ನವರ 300 ಒಂದೇ ಅಲ್ಲ. ನಿಮ್ಮ ಇಬ್ಬರು ಗೈಡ್‌ಗಳೂ ಫಜಿಯವರೇ ಎಂದು ಬರೆದಿದ್ದೀರಿ. ಆದರೂ ಎರಡನೆಯವರ ಹಳೆಯ ಲೇಖನಗಳು ಲ್ಯಾಟಿಸ್ ಥಿಯರಿ, ಟೋಪಾಲಜಿಯಂಥ ಶುದ್ಧ ಗಣಿತದವು ಆಗಿರಬಹುದು, ನೋಡಿ. ಆಗಿದ್ದರೆ ಅವರ 310ರ ತೂಕ ಬೇರೆಯೇ.

ಇನ್ನೂ ಒಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ಬಹಳ ಇಷ್ಟ. 1996ರಲ್ಲಿ ಚಾಂಗ್ ಎಂಬುವರು ಫಜಿ ಎಎಚ್‌ಪಿಗೆ ಒಂದು ಸುಲಭ ವಿಧಾನ ಕೊಟ್ಟರು. ಲೆಕ್ಕ ಎಷ್ಟು ಸಲೀಸೆಂದರೆ ಎಂಬಿಎ ಪ್ರಾಜೆಕ್ಟ್‌ಗಳಿಂದ ಹಿಡಿದು ಎಲ್ಲೆಲ್ಲೂ ಬಳಕೆಯಾಯಿತು, ಸಾವಿರಗಟ್ಟಲೆ ಸೈಟೇಶನ್ ಬಂತು. 2008ರಲ್ಲಿ ವಾಂಗ್, ಲುವೊ, ಹುವಾ ಎಂಬ ಮೂವರು ಅದರಲ್ಲಿ ದೊಡ್ಡ ತಪ್ಪು ತೋರಿಸಿದರು. ಮುಖ್ಯವಾದ ಒಂದು ಅಂಶಕ್ಕೂ ಆ ವಿಧಾನ ಕೆಲವೊಮ್ಮೆ ಸೊನ್ನೆ ತೂಕ ಕೊಟ್ಟುಬಿಡುತ್ತದೆ. ತೋಟಕ್ಕೆ ನೀರು ಎಷ್ಟು ಮುಖ್ಯ ಎಂದು ಕೇಳಿದರೆ ‘ಲೆಕ್ಕಕ್ಕೇ ಬೇಡ’ ಎಂದ ಹಾಗೆ. ಆಮೇಲೆ ಏನಾಯಿತು? ತಪ್ಪು ತೋರಿಸಿದವರೂ ಚಾಂಗ್ ಹೆಸರು ಹಾಕಲೇಬೇಕಲ್ಲ. ಸೈಟೇಶನ್ ಇನ್ನೊಂದು ಏರಿತು. ವಿಧಾನ ಬಳಸುವವರು ಬಳಸುತ್ತಲೇ ಇದ್ದಾರೆ. ಎಎಚ್‌ಪಿಯ ಜನಕ ಸಾಟಿಯವರೇ 2007ರಲ್ಲಿ, ನನ್ನ ವಿಧಾನಕ್ಕೆ ಫಜಿ ಸೇರಿಸುವುದೇ ಸರಿಯಲ್ಲ ಎಂದು ವಾದಿಸಿದ್ದರು. ಆ ಲೇಖನವನ್ನೂ ಫಜಿ ಎಎಚ್‌ಪಿಯವರೇ ಉಲ್ಲೇಖಿಸುತ್ತಾರೆ, ಉಲ್ಲೇಖಿಸಿ ಮುಂದೆ ಹೋಗುತ್ತಾರೆ. ನೀವು ಇದೇ ವಿಷಯಕ್ಕೆ ಇಳಿಯುವುದಾದರೆ ಈ ಮೂರು ಲೇಖನಗಳನ್ನು ಮೊದಲು ಓದಿ. ಗೈಡ್ ಯಾರೇ ಆಗಲಿ, ಈ ವಾದ ಗೊತ್ತಿದೆಯೇ ಎಂದು ಮಾತಿನ ನಡುವೆ ಮೆಲ್ಲಗೆ ಕೇಳಿ. ಆ ಉತ್ತರದಲ್ಲಿ ನಿಮಗೆ ಗೊತ್ತಾಗುವಷ್ಟು ಪ್ರೊಫೈಲ್ ಪುಟದಲ್ಲಿ ಗೊತ್ತಾಗುವುದಿಲ್ಲ.

ನನ್ನದೇ ಪುಟ ನೋಡಿ. ಅತಿ ಜಾಸ್ತಿ ಸೈಟೇಶನ್ ಇರುವುದು ಒಂದು ಸಮೀಕ್ಷಾ ಲೇಖನಕ್ಕೆ. ಒಂದು ಮಳೆಗಾಲ ಕರೆಂಟು ಇಲ್ಲದ ದಿನಗಳಲ್ಲಿ, ಬೇರೆಯವರು ಮಾಡಿದ್ದನ್ನೆಲ್ಲ ಓದಿ ಒಪ್ಪ ಮಾಡಿ ಬರೆದದ್ದು. ಅದರಲ್ಲಿ ನನ್ನದು ಎನ್ನುವ ಒಂದು ಪ್ರಮೇಯವೂ ಇಲ್ಲ. ಎರಡು ವರ್ಷ ಒದ್ದಾಡಿ ಕಾಫಿ ಕೊಯ್ಲಿನ ತೀರ್ಮಾನದ ಬಗ್ಗೆ ಬರೆದ ಲೇಖನಕ್ಕೆ ಮೂರು ಸೈಟೇಶನ್. ಅದರಲ್ಲಿ ಎರಡು ನನ್ನವೇ.

ಹಾಗಾಗಿ ಮೊದಲನೆಯವರ ಪುಟವನ್ನು ಇವತ್ತು ಸಂಜೆ ತೆರೆದು ಕೂತುಕೊಳ್ಳಿ. ಮೇಲಿನ ಐದು ಲೇಖನಗಳನ್ನು ನೋಡಿ. ಸಮೀಕ್ಷೆಗಳೇ? ಹತ್ತು ಜನ ಸೇರಿ ಬರೆದದ್ದರಲ್ಲಿ ಇವರು ಏಳನೆಯವರೇ? ಹಾಗಿದ್ದರೆ ತಪ್ಪೇನಿಲ್ಲ, ಆದರೆ ಯಾವುದು ಅವರ ಸ್ವಂತ ಯೋಚನೆ ಎಂದು ಹುಡುಕಬೇಕಾಗುತ್ತದೆ. ವರ್ಷವಾರು ಕಂಬಗಳ ಚಿತ್ರ ಬಲಗಡೆ ಇರುತ್ತದೆ. ಮೆಲ್ಲಗೆ ಏರಿದ್ದರೆ ಸರಿ. ಎರಡೇ ವರ್ಷದಲ್ಲಿ ತೆಂಗಿನ ಮರದ ಹಾಗೆ ನೆಟ್ಟಗೆ ಎದ್ದಿದ್ದರೆ ಯಾಕೆ ಎಂದು ಕೇಳಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್ ಕಾಟ ಬೇರೆ. ಒಂದೇ ಇನಿಷಿಯಲ್, ಒಂದೇ ಕುಮಾರ್ ಇರುವ ಮೂವರ ಲೇಖನಗಳು ಒಬ್ಬರ ಪುಟಕ್ಕೆ ಬಂದು ಕೂತಿರುವುದನ್ನು ನಾನೇ ನೋಡಿದ್ದೇನೆ. ಗೂಗಲ್ ಸ್ಕಾಲರ್ ಪ್ರಬಂಧ, ಸೆಮಿನಾರ್ ಪ್ರತಿ ಎಲ್ಲವನ್ನೂ ಎಣಿಸುತ್ತದೆ. ಆಯ್ದ ಪತ್ರಿಕೆ, ಪುಸ್ತಕಗಳನ್ನಷ್ಟೇ ಎಣಿಸುವ ಸ್ಕೋಪಸ್ ಎಂಬ ತಾಣದಲ್ಲಿ ಅದೇ ಹೆಸರು ಹುಡುಕಿದರೆ ಅಂಕಿ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಕಡಿಮೆ ಬಂತು ಎಂದು ಗಾಬರಿ ಬೇಡ. ಆದರೆ ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿದರೆ ಕಾರಣ ನೋಡಿ.

ಆಮೇಲೆ ಮುಖ್ಯ ಕೆಲಸ. ಅವರ ಒಂದು ಲೇಖನದ ಪಕ್ಕದಲ್ಲಿ ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಅಂಕಿ ಇರುತ್ತದೆ. ಅದನ್ನು ಒತ್ತಿ. ಬಂದ ಪಟ್ಟಿಯಿಂದ ಕಣ್ಣು ಮುಚ್ಚಿ ಹತ್ತು ಲೇಖನ ಆರಿಸಿ. ಪ್ರತಿಯೊಂದರಲ್ಲೂ ಇವರ ಹೆಸರು ಬರುವ ವಾಕ್ಯವನ್ನು ಮಾತ್ರ ಓದಿ. ‘ಹಲವರು ಈ ವಿಷಯದಲ್ಲಿ ಕೆಲಸ ಮಾಡಿದ್ದಾರೆ, 12ರಿಂದ 27 ನೋಡಿ’ ಎಂಬ ಸಾಲಿನಲ್ಲಿ ಇದ್ದರೆ ಅದು ಮದುವೆ ಕಾಗದದ ಕೊನೆಯಲ್ಲಿ ಬರುವ ‘ಬಂಧು ಮಿತ್ರರು’ ಇದ್ದ ಹಾಗೆ. ‘ಇವರ ಪ್ರಮೇಯ ಬಳಸಿ ನಾವು ಮುಂದೆ ಹೋದೆವು’ ಅಥವಾ ‘ಇವರ ವಿಧಾನದಲ್ಲಿ ಈ ಕೊರತೆ ಇದೆ’ ಎಂದಿದ್ದರೆ ಅದು ನಿಜವಾದ ಉಲ್ಲೇಖ. ಟೀಕೆಯಾದರೂ ಸರಿ, ಓದಿದ್ದಾರಲ್ಲ! ಹತ್ತರಲ್ಲಿ ನಾಲ್ಕು ಅಂಥವು ಸಿಕ್ಕರೆ ನಾನು ಟೋಪಿ ತೆಗೆಯುತ್ತೇನೆ. ಎರಡನೆಯವರಿಗೂ ಇದನ್ನೇ ಮಾಡಿ. 310ರಲ್ಲಿ ಹತ್ತು ಆರಿಸಿ. ಎರಡು ಸಂಜೆಯ ಕೆಲಸ.

‘ಅವರು ಜಗತ್ತಿನ ಟಾಪ್ ಎರಡು ಪರ್ಸೆಂಟ್ ವಿಜ್ಞಾನಿ’ ಎಂದು ನಿಮ್ಮ ಸಹೋದ್ಯೋಗಿಗಳು ಹೇಳಬಹುದು. ಕಾಲೇಜಿನ ಗೇಟಿನ ಮೇಲೆ ಅಂಥ ಫ್ಲೆಕ್ಸ್ ನೀವೂ ನೋಡಿರುತ್ತೀರಿ. ಸ್ಟ್ಯಾನ್‌ಫರ್ಡಿನ ಅಯೋನಿಡಿಸ್ ಮತ್ತು ಅವರ ಜೊತೆಗಾರರು ಸ್ಕೋಪಸ್ ಮಾಹಿತಿಯಿಂದ ಲೆಕ್ಕ ಹಾಕಿ ತರುವ ಪಟ್ಟಿ ಅದು. ಪ್ರಶಸ್ತಿ ಅಲ್ಲ. ಇಡೀ ವೃತ್ತಿಜೀವನಕ್ಕೆ ಒಂದು ಪಟ್ಟಿ, ಒಂದೇ ವರ್ಷಕ್ಕೆ ಇನ್ನೊಂದು ಪಟ್ಟಿ ಇರುತ್ತದೆ. ಫ್ಲೆಕ್ಸ್‌ನಲ್ಲಿ ಯಾವುದು ಎಂದು ಬರೆದಿರುವುದಿಲ್ಲ. ಪಟ್ಟಿಯಲ್ಲಿರುವ ವಿಜ್ಞಾನಿಗಳು ತಮ್ಮನ್ನು ತಾವೇ ಎಷ್ಟು ಉಲ್ಲೇಖಿಸಿಕೊಂಡಿದ್ದಾರೆ ಎಂಬ ಕಾಲಮ್ಮನ್ನೂ ಪಟ್ಟಿ ಮಾಡಿದವರು ಪಾಪ ಕೊಟ್ಟಿದ್ದಾರೆ. ಅದನ್ನೂ ಫ್ಲೆಕ್ಸ್‌ಗೆ ಹಾಕಿದವರನ್ನು ನಾನು ಕಂಡಿಲ್ಲ.

ಒಂದು ಎಚ್ಚರಿಕೆ. ‘ಜರ್ನಲ್ ಆಫ್ ಇಂಟೆಲಿಜೆಂಟ್ ಅಂಡ್ ಫಜಿ ಸಿಸ್ಟಮ್ಸ್’ ಎಂಬ ಪತ್ರಿಕೆಯಿಂದ 2024–25ರಲ್ಲಿ ಪ್ರಕಾಶಕರೇ ಸಾವಿರಕ್ಕೂ ಹೆಚ್ಚು ಲೇಖನಗಳನ್ನು ವಾಪಸ್ ತೆಗೆದರು. ಅಲ್ಲಿ ಒಳ್ಳೆಯ ಲೇಖನಗಳೂ ಇವೆ, ಎಲ್ಲರನ್ನೂ ಅನುಮಾನಿಸಬೇಡಿ. ಆದರೆ ಗೈಡ್ ಆಗುವವರ ಹೆಸರಿನ ಜೊತೆ ‘ರಿಟ್ರಾಕ್ಟೆಡ್’ ಎಂಬ ಪದ ಹಾಕಿ ಒಮ್ಮೆ ಹುಡುಕಿ ನೋಡುವುದರಲ್ಲಿ ತಪ್ಪಿಲ್ಲ. ಹೆಣ್ಣು ಕೊಡುವ ಮನೆಯ ಬಗ್ಗೆ ನಾಲ್ಕು ಜನರ ಹತ್ತಿರ ವಿಚಾರಿಸುವುದಿಲ್ಲವೇ?

ಈಗ ನಿಮ್ಮ ಸಮಸ್ಯೆಯನ್ನೇ ಫಜಿ ಮಾಡೋಣ. ನಾಲ್ಕು ಅಂಶ ಇಟ್ಟುಕೊಳ್ಳಿ: ಗೈಡ್ ಕೊಡುವ ಸಮಯ, ಕೆಲಸದ ಆಳ, ಸೈಟೇಶನ್, ಓಡಾಟದ ಅನುಕೂಲ. ನಾನು ಊಹೆಯ ಅಂಕಿ ಹಾಕುತ್ತೇನೆ. ದೂರದವರಿಗೆ ಸಮಯ 0.3, ಆಳ 0.5, ಸೈಟೇಶನ್ 0.9, ಓಡಾಟ 0.4. ಹತ್ತಿರದವರಿಗೆ ಸಮಯ 0.8, ಆಳ 0.7, ಸೈಟೇಶನ್ 0.3, ಓಡಾಟ 0.9. ಸ್ಟಾಫ್ ರೂಮಿನ ಮಾತು ಕೇಳಿ ಸೈಟೇಶನ್‌ಗೆ 0.6 ತೂಕ, ಆಳಕ್ಕೆ 0.2, ಉಳಿದ ಎರಡಕ್ಕೆ 0.1 ಕೊಟ್ಟರೆ ದೂರದವರಿಗೆ 0.71, ಹತ್ತಿರದವರಿಗೆ 0.49. ದೂರದವರು ಗೆದ್ದರು. ಈಗ ಸಮಯಕ್ಕೆ 0.4, ಆಳಕ್ಕೆ 0.3, ಸೈಟೇಶನ್‌ಗೆ 0.2, ಓಡಾಟಕ್ಕೆ 0.1 ಕೊಡಿ. ದೂರದವರು 0.49ಕ್ಕೆ ಇಳಿದರು, ಹತ್ತಿರದವರು 0.68ಕ್ಕೆ ಏರಿದರು. ತೂಕವನ್ನೇ ಬಿಟ್ಟು ಬೆಲ್‌ಮನ್–ಜಾದೆ ನಿಯಮ ಹಾಕಿ, ಕನಿಷ್ಠ ಅಂಕಿ ಹಿಡಿಯಿರಿ. ಒಬ್ಬರಿಗೆ ಸಮಯದ 0.3, ಇನ್ನೊಬ್ಬರಿಗೆ ಸೈಟೇಶನ್‌ನ 0.3. ಸಮ ಸಮ!

ಮೂರು ಲೆಕ್ಕ, ಮೂರು ಉತ್ತರ. ಅಂಕಿ ಮಾತ್ರ ಅವೇ. ನಿಮ್ಮ ತಂದೆಯ ಕಣ್ಣಿನಿಂದ ಬಂದ ಆ 0.8 ನೆನಪಿದೆಯಲ್ಲ? ಇಲ್ಲಿ ತೂಕ ಬರಬೇಕಾದ್ದು ನಿಮ್ಮ ಕಣ್ಣಿನಿಂದ. ನೀವು ಕೆಲಸದಲ್ಲಿದ್ದುಕೊಂಡು ಪಿಎಚ್‌ಡಿ ಮಾಡುವವರು. ವಾರಕ್ಕೆ ಹದಿನಾರು ಗಂಟೆ ಪಾಠ, ಪೇಪರ್ ವ್ಯಾಲ್ಯುಯೇಶನ್, ಚುನಾವಣೆ ಡ್ಯೂಟಿ. ನನ್ನ ಅನುಭವದಲ್ಲಿ ಅಂಥವರ ಪಿಎಚ್‌ಡಿ ನಿಂತುಹೋಗುವುದು ಗೈಡ್‌ನ ಸೈಟೇಶನ್ ಕಡಿಮೆ ಇದ್ದುದರಿಂದಲ್ಲ. ಕಳಿಸಿದ ಅಧ್ಯಾಯ ಆರು ತಿಂಗಳು ಮೇಜಿನ ಮೇಲೆ ಕೂತಿದ್ದರಿಂದ. ನಾನಾಗಿದ್ದರೆ ಸಮಯಕ್ಕೆ 0.4ಕ್ಕಿಂತ ಕಡಿಮೆ ಕೊಡುತ್ತಿರಲಿಲ್ಲ.

ಆ ಸಮಯವನ್ನು ಅಂದಾಜು ಮಾಡಲು ನಿಯಮವೂ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಒಂದು ಕಾಲಕ್ಕೆ ಪ್ರೊಫೆಸರ್ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಈಗ ಎಷ್ಟು ಜನ ಇದ್ದಾರೆ, ರಿಟೈರ್ ಯಾವಾಗ ಎಂದು ಸಂಕೋಚವಿಲ್ಲದೆ ಕೇಳಿ. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಬರಲೇಬೇಕು ಎಂಬ ಷರತ್ತನ್ನೂ ಯುಜಿಸಿ ಅದೇ ನಿಯಮಗಳಲ್ಲಿ ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ, ತಾನು ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯನ್ನೂ ನಿಲ್ಲಿಸಿತು. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಅದನ್ನು ಕಚೇರಿಯಲ್ಲಿ ವಿಚಾರಿಸಿ. ‘ನನ್ನ ಹತ್ತಿರ ಬಂದರೆ ವರ್ಷಕ್ಕೆ ನಾಲ್ಕು ಪೇಪರ್ ಗ್ಯಾರಂಟಿ’ ಎಂದು ಯಾರಾದರೂ ಆಸೆ ತೋರಿಸಿದರೆ ಚಿತ್ರಾನ್ನ ನೆನಪು ಮಾಡಿಕೊಳ್ಳಿ.

ಇಬ್ಬರ ಹಳೆಯ ವಿದ್ಯಾರ್ಥಿಗಳ ಪ್ರಬಂಧಗಳು, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ತಾಣದಲ್ಲಿ ಸಿಗುತ್ತವೆ. ಒಂದೊಂದು ತೆರೆದು, ಕೊನೆಯ ಅಧ್ಯಾಯ ಓದಿ. ಕೃತಜ್ಞತೆಯ ಪುಟವನ್ನೂ ಓದಿ. ಎಲ್ಲರೂ ಗೈಡ್‌ಗೆ ಥ್ಯಾಂಕ್ಸ್ ಹೇಳಿರುತ್ತಾರೆ. ಆದರೆ ಯಾವುದಕ್ಕೆ ಎಂದು ಬಿಡಿಸಿ ಹೇಳಿದವರ ಮಾತಿಗೆ ಬೆಲೆ ಇದೆ. ಆ ವಿದ್ಯಾರ್ಥಿಗಳಲ್ಲಿ ಒಬ್ಬರು ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಪಾಠ ಮಾಡುತ್ತಿದ್ದರೆ ಒಂದು ಕಾಫಿ ಕುಡಿದು ಬನ್ನಿ.

ಆಮೇಲೆ ಇಬ್ಬರಿಗೂ ಒಂದೇ ಪುಟ ಬರೆದು ಕಳಿಸಿ. ಚಾಂಗ್ ವಿಧಾನದ ಸೊನ್ನೆ ತೂಕದ ಬಗ್ಗೆ ನಿಮಗೆ ಏನು ಅನಿಸಿತು, ಏನು ಅರ್ಥವಾಗಲಿಲ್ಲ, ಅಷ್ಟೇ. ಎರಡು ವಾರ ಕಾಯಿರಿ. ದೂರದವರು ಪುಟದ ಪಕ್ಕದಲ್ಲಿ ನಾಲ್ಕು ಗುರುತು ಹಾಕಿ ವಾಪಸ್ ಕಳಿಸಿದರೆ, ನಾನು ಸಮಯಕ್ಕೆ ಹಾಕಿದ 0.3 ಅಳಿಸಿ 0.8 ಬರೆಯಿರಿ. ಹತ್ತಿರದವರು ‘ನೋಡೋಣಮ್ಮ, ಮುಂದಿನ ತಿಂಗಳು ಬನ್ನಿ’ ಎಂದರೆ ಅವರ 0.8 ಅಳಿಸಿ. ಆಮೇಲೆ ಇನ್ನೊಂದು ಸಲ ಕೂಡಿಸಿ ನೋಡಿ.